ಟ್ರ್ಯಾಕ್ಟರ್ ಅಪಘಾತ: ವಿಧಿಯಲ್ಲ, ಪ್ರಜ್ಞಾಪರಾಧ

ರೋಗವೆಂದೊಡನೆ ನಮ್ಮ ನೆನಪಿಗೆ ಬರುವುದು ಜ್ವರ, ಕೆಮ್ಮು, ಸಂಧಿವಾತ, ಮಧುಮೇಹ ಮೊದಲಾದವು. ಈ ಅಂಕಣದಲ್ಲಿ ನಾವು ಇದುವರೆಗೆ ಬರೆದುಬಂದಿರುವುದೂ ಬಹುಮಟ್ಟಿಗೆ ಅವುಗಳನ್ನು ಕುರಿತೇ. ಆದರೆ ಆಯುರ್ವೇದವು ರೋಗಗಳನ್ನು ನಿಜ ಮತ್ತು ಆಗಂತು ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ವಾತ, ಪಿತ್ತ, ಕಫಗಳು ಮೊದಲು ಕೆಟ್ಟು, ಅದರಿಂದ ನೋವು ಹುಟ್ಟಿದರೆ ಅದು ನಿಜ ರೋಗ. ಪೆಟ್ಟು, ಬೆಂಕಿ, ಶಸ್ತ್ರ, ವಿಷ ಮುಂತಾದ ಹೊರಗಿನ ಕಾರಣದಿಂದ ನೋವು ಮೊದಲು ಬಂದು, ದೋಷಗಳು ಆಮೇಲೆ ಕೆಟ್ಟರೆ ಅದು ಆಗಂತು ರೋಗ. ಆಗಂತುವೆಂದರೆ ಹೊರಗಿನಿಂದ ಬಂದದ್ದು ಎಂದರ್ಥ. ಇಂದು ನಮ್ಮ ಹಳ್ಳಿಗಳಲ್ಲಿ ಇಂತಹ ಆಗಂತು ರೋಗಗಳಿಗೆ ದೊಡ್ಡದೊಂದು ಕಾರಣವಾಗಿರುವುದು ಪ್ರತಿಯೊಬ್ಬರ ಮನೆಯ ಮುಂದೆಯೂ ನಿಂತಿರುವ ಟ್ರ್ಯಾಕ್ಟರ್. ಆದುದರಿಂದ ಈ ತಿಂಗಳು ಅದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಟ್ರ್ಯಾಕ್ಟರನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಎಂಟು ದಿನಗಳ ಉಳುಮೆಯನ್ನು ಅರ್ಧ ದಿನದಲ್ಲಿ ಮುಗಿಸಿಕೊಡುವ ಈ ಯಂತ್ರದಿಂದ ಒಕ್ಕಲುತನದ ಭಾರ ಎಷ್ಟೋ ಹಗುರವಾಗಿದೆ. ಆದರೆ ಎತ್ತಿಗೂ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ಎತ್ತಿಗೆ ಕಣ್ಣಿದೆ, ದಣಿವಿದೆ, ಭಯವಿದೆ. ಬಾವಿಯ ಅಂಚಿಗೆ ಬಂದರೆ ಅದು ತಾನಾಗಿ ಹಿಂಜರಿಯುತ್ತದೆ. ಒಡೆಯನು ಮುಗ್ಗರಿಸಿ ಬಿದ್ದರೆ ನಿಲ್ಲುತ್ತದೆ. ಯಂತ್ರಕ್ಕೆ ಇವು ಯಾವುವೂ ಇಲ್ಲ. ಎತ್ತು ಪಡುತ್ತಿದ್ದ ಎಚ್ಚರವನ್ನೂ ಈಗ ಮನುಷ್ಯನೇ ಪಡಬೇಕಾಗಿದೆ.

ಇಂತಹ ಸಾವುನೋವು ಸಂಭವಿಸಿದಾಗ ಮನೆಯವರು ಹಣೆಬರಹವೆಂದು ನಿಟ್ಟುಸಿರು ಬಿಡುವುದನ್ನು ನಾವು ಹಲವು ಬಾರಿ ಕೇಳಿದ್ದೇವೆ. ಆದರೆ ಚರಕಾಚಾರ್ಯರು ಈ ಮಾತನ್ನು ಒಪ್ಪುವುದಿಲ್ಲ. ವಿಷ, ಗಾಳಿ, ಬೆಂಕಿ, ಪೆಟ್ಟು ಇವುಗಳಿಂದ ಬರುವ ಆಗಂತು ರೋಗಗಳ ಹಿಂದೆಯೂ ಮನುಷ್ಯನ ಪ್ರಜ್ಞೆಯ ತಪ್ಪೇ ಇರುವುದೆಂದು ಅವರು ಸ್ಪಷ್ಟವಾಗಿ ಹೇಳುತ್ತಾರೆ. ಇದಕ್ಕೆ ಪ್ರಜ್ಞಾಪರಾಧವೆಂದು ಹೆಸರು. ಪ್ರಜ್ಞೆಗೆ ಧೀ, ಧೃತಿ, ಸ್ಮೃತಿ ಎಂಬ ಮೂರು ಅಂಗಗಳು. ವಸ್ತುವಿನ ಸ್ವಭಾವವನ್ನು ಸರಿಯಾಗಿ ಅರಿಯುವುದು ಧೀ. ತಿಳಿದ ಮೇಲೆ ಮನಸ್ಸನ್ನು ಅಹಿತದಿಂದ ಹಿಂದೆಳೆಯುವ ಬಲವೇ ಧೃತಿ. ತಿಳಿದುದು ತಕ್ಕ ಸಮಯದಲ್ಲಿ ನೆನಪಿಗೆ ಬರುವುದು ಸ್ಮೃತಿ. ಈ ಮೂರರಲ್ಲಿ ಒಂದು ಜಾರಿದರೂ ಅನರ್ಥ ತಪ್ಪದು. ಟ್ರ್ಯಾಕ್ಟರ್ ಅಪಘಾತಗಳನ್ನು ಈ ಮೂರು ಅಂಗಗಳ ಬೆಳಕಿನಲ್ಲಿಯೇ ವಿಚಾರಿಸೋಣ.

ಧೀ: ಯಂತ್ರದ ಸ್ವಭಾವವನ್ನು ಅರಿಯುವುದು

ಟ್ರ್ಯಾಕ್ಟರು ಕಾರಿನಂತೆ ನೆಲಕ್ಕೆ ಒತ್ತಿಕೊಂಡಿರುವ ವಾಹನವಲ್ಲ. ಉಬ್ಬುತಗ್ಗಿನ ಹೊಲದಲ್ಲಿ, ಬೆಳೆಯ ಸಾಲುಗಳ ನಡುವೆ ಓಡಾಡಬೇಕಾದುದರಿಂದ ಅದರ ಒಡಲು ನೆಲದಿಂದ ಎತ್ತರದಲ್ಲಿದೆ, ಅಗಲ ಕಡಿಮೆಯಿದೆ. ಎರಡು ಟನ್ನಿನ ಆಸುಪಾಸಿನಲ್ಲಿರುವ ಭಾರವೆಲ್ಲ ಎತ್ತರದಲ್ಲಿ ನಿಂತಿರುವುದರಿಂದ ಅದು ಬೇಗನೆ ಮಗುಚುತ್ತದೆ. ಮಗುಚುವುದರಲ್ಲಿ ಎರಡು ಬಗೆ.

ಮೊದಲನೆಯದು ಪಕ್ಕಕ್ಕೆ ಮಗುಚುವುದು. ತಿರುವಿನಲ್ಲಿ ವಾಹನವನ್ನು ಹೊರಕ್ಕೆ ತಳ್ಳುವ ಬಲವು ವೇಗದೊಡನೆ ಸಮನಾಗಿ ಬೆಳೆಯದೆ ಅದಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಆ ಬಲ ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ನೂರು ಸಲ ತಿರುಗಿಸಿದ ತಿರುವಿನಲ್ಲಿಯೇ ನೂರೊಂದನೆಯ ಸಲ ವೇಗದಿಂದ ತಿರುಗಿಸಿದಾಗ ಉರುಳುವುದು ಈ ಕಾರಣದಿಂದ. ಕಾಲುವೆಯ ಏರಿ, ಹಳ್ಳದ ದಂಡೆ, ತೆರೆದ ಬಾವಿಯ ಅಂಚು ಇವು ಇನ್ನೂ ಅಪಾಯಕರ. ಹೊರನೋಟಕ್ಕೆ ಗಟ್ಟಿಯಾಗಿ ಕಾಣುವ ಎರೆಮಣ್ಣಿನ ದಂಡೆಯು ಒಳಗೆ ನೆನೆದಿದ್ದರೆ ಚಕ್ರದ ಭಾರಕ್ಕೆ ಕುಸಿಯುತ್ತದೆ. ಹಳ್ಳವು ಎಷ್ಟು ಆಳವಿದೆಯೋ ಕಡಿಮೆಯೆಂದರೆ ಅಷ್ಟು ದೂರದಲ್ಲಿ ಚಕ್ರವಿರಬೇಕೆಂಬುದು ಎಲ್ಲೆಡೆಯೂ ಒಪ್ಪಿತವಾದ ನಿಯಮ. ಆರು ಅಡಿ ಆಳದ ಹಳ್ಳವಿದ್ದರೆ ಅಂಚಿನಿಂದ ಆರು ಅಡಿಯೊಳಗೆ ಟ್ರ್ಯಾಕ್ಟರನ್ನು ಒಯ್ಯಬಾರದು. ಆ ಆರು ಅಡಿಯಲ್ಲಿ ಬೆಳೆಯುವ ನಾಲ್ಕು ಸೇರು ಜೋಳಕ್ಕಾಗಿ ಪ್ರಾಣವನ್ನು ಪಣವಿಡುವುದು ವಿವೇಕವಲ್ಲ.

ಎರಡನೆಯದು ಹಿಂದಕ್ಕೆ ಮಗುಚುವುದು. ಇದು ಮೊದಲನೆಯದಕ್ಕಿಂತ ಭೀಕರ. ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತು ತಿರುಗಲಾರದಾದಾಗ ಎಂಜಿನ್ನಿನ ಬಲವು ಎಲ್ಲಿಗೆ ಹೋಗಬೇಕು? ಚಕ್ರವು ತಿರುಗದಿದ್ದರೆ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲೇ ತಿರುಗುತ್ತದೆ, ಮೂತಿ ಮೇಲೇಳುತ್ತದೆ. ಸರಪಳಿಯನ್ನು ಎಳೆಯುವ ಕೊಂಡಿಗೆ ಹಾಕದೆ ಮೇಲಿನ ಲಿಂಕಿಗೋ ಅಚ್ಚಿಗೋ ಕಟ್ಟಿ ಮರದ ಬೊಡ್ಡೆಯನ್ನು ಎಳೆದಾಗಲೂ, ಏರಿನಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗಲೂ ಹೀಗೆಯೇ ಆಗುತ್ತದೆ. ಮೂತಿ ಎದ್ದ ಮೇಲೆ ಮುಕ್ಕಾಲು ಸೆಕೆಂಡಿನೊಳಗೆ ಮರಳಿ ಬಾರದ ಹಂತವನ್ನು ಟ್ರ್ಯಾಕ್ಟರು ದಾಟುತ್ತದೆ. ಒಂದೂವರೆ ಸೆಕೆಂಡಿನಲ್ಲಿ ಅದು ಚಾಲಕನ ಮೇಲೆ ಬಿದ್ದಿರುತ್ತದೆ. ಅಪಾಯವನ್ನು ಕಂಡು, ತಿಳಿದು, ಕಾಲನ್ನು ಕ್ಲಚ್ಚಿನ ಮೇಲೆ ಒತ್ತಲು ಮನುಷ್ಯನಿಗೆ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕಾಗುವುದರಿಂದ ಅನುಭವಿಯಾದ ಚಾಲಕನೂ ಇಲ್ಲಿ ಸೋಲುತ್ತಾನೆ. ಕೆಸರಿನಲ್ಲಿ ಸಿಕ್ಕಿಬಿದ್ದಾಗ ಮುಂದಕ್ಕೆ ಹಟ ಮಾಡದೆ ಹಿಂದಕ್ಕೆ ತೆಗೆಯಲು ಪ್ರಯತ್ನಿಸಬೇಕು. ಅದೂ ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರನ್ನು ಕರೆಸಬೇಕು. ಚಕ್ರಕ್ಕೆ ಮರದ ತುಂಡನ್ನು ಕಟ್ಟಿ ಮುಂದಕ್ಕೆ ಒಯ್ಯುವ ರೂಢಿಯನ್ನು ಕೂಡಲೇ ಬಿಡಬೇಕು.

ಮಗುಚಿದರೂ ಚಾಲಕನನ್ನು ಉಳಿಸಬಲ್ಲ ಸಾಧನವೊಂದಿದೆ. ಆಸನದ ಹಿಂದೆ ಅಥವಾ ಸುತ್ತ ನಿಲ್ಲಿಸುವ ಗಟ್ಟಿಮುಟ್ಟಾದ ಉಕ್ಕಿನ ರಕ್ಷಣಾ ಚೌಕಟ್ಟು ಅದು. ಸ್ವೀಡನ್ ದೇಶವು ೧೯೫೯ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಮಗುಚಿ ಸಾಯುವವರ ಪ್ರಮಾಣ ಬಹಳವಾಗಿ ಇಳಿಯಿತು. ಹೊಸ ಟ್ರ್ಯಾಕ್ಟರ್ ಕೊಳ್ಳುವವರು ಬಣ್ಣವನ್ನೂ ಹಾಡಿನ ಪೆಟ್ಟಿಗೆಯನ್ನೂ ವಿಚಾರಿಸುವ ಮೊದಲು ಈ ಚೌಕಟ್ಟನ್ನೂ ಸೀಟ್ ಬೆಲ್ಟನ್ನೂ ವಿಚಾರಿಸಬೇಕು. ಚೌಕಟ್ಟಿದ್ದಾಗ ಬೆಲ್ಟನ್ನು ಕಟ್ಟಿಕೊಳ್ಳಲೇಬೇಕು. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಕಟ್ಟಿಕೊಳ್ಳಬಾರದು. ನೆರಳಿಗೆಂದು ಊರಿನಲ್ಲಿ ಬೆಸುಗೆ ಹಾಕಿಸಿದ ತಗಡಿನ ಚಪ್ಪರವು ರಕ್ಷಣಾ ಚೌಕಟ್ಟಲ್ಲವೆಂಬುದನ್ನೂ ನೆನಪಿಡಬೇಕು.

ಇನ್ನೊಂದು ಅಪಾಯವಿರುವುದು ಟ್ರ್ಯಾಕ್ಟರಿನ ಹಿಂಭಾಗದಲ್ಲಿ ತಿರುಗುವ ಪಿ.ಟಿ.ಒ. ಶಾಫ್ಟಿನಲ್ಲಿ. ರೋಟಾವೇಟರಿಗೂ ರಾಶಿ ಯಂತ್ರಕ್ಕೂ ಬಲವನ್ನು ಒದಗಿಸುವ ಈ ದಂಡವು ನಿಮಿಷಕ್ಕೆ ೫೪೦ ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಸಾಮಾನ್ಯ ದಪ್ಪದ ಶಾಫ್ಟು ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಐದೂವರೆ ಮೀಟರಿನ ಸೀರೆಗೆ ಮೂರು ಸೆಕೆಂಡು ಸಾಕು. ಧೋತರದ ಚುಂಗು, ಹೆಗಲ ಮೇಲಿನ ವಸ್ತ್ರ, ಸೆರಗು, ಬಿಚ್ಚಿದ ಜಡೆ ಇವುಗಳಲ್ಲಿ ಯಾವುದೊಂದು ತಗುಲಿದರೂ ಕೂಗುವುದರೊಳಗೆ ಕೈ ಹೋಗಿರುತ್ತದೆ, ಕೆಲವೊಮ್ಮೆ ಪ್ರಾಣವೇ ಹೋಗಿರುತ್ತದೆ. ಶಾಫ್ಟಿನ ಮೇಲೆ ಕಂಪನಿಯವರು ಕೊಡುವ ಹೊದಿಕೆಯನ್ನು ಗ್ರೀಸ್ ಹಚ್ಚಲು ಅಡ್ಡಿಯೆಂದು ಕಿತ್ತೆಸೆಯುವುದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಒಕ್ಕಣೆ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವವರು ಹೆಚ್ಚಿದುದರಿಂದಲೇ ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಆದರೆ ಕಾಯ್ದೆಯು ಕಣಕ್ಕೆ ಬಂದು ಕಾಯುವುದಿಲ್ಲ, ಕಾಯಬೇಕಾದವರು ಯಜಮಾನರು.

ಧೃತಿ: ಬೇಡವೆನ್ನುವ ಬಲ

ಮೇಲೆ ಹೇಳಿದುದರಲ್ಲಿ ಬಹುಪಾಲು ನಮ್ಮ ರೈತರಿಗೆ ತಿಳಿಯದ ಸಂಗತಿಯಲ್ಲ. ತಿಳಿದೂ ಮಾಡುವುದೇಕೆ? ಅಲ್ಲಿಯೇ ಧೃತಿಯ ಕೆಲಸವಿರುವುದು.

ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದಾರಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು; ಅವುಗಳಲ್ಲಿ ಟ್ರ್ಯಾಕ್ಟರಿನ ತೂಕಕ್ಕಿಂತ ಹಲವು ಪಟ್ಟು ಕಬ್ಬು. ಟ್ರೇಲರುಗಳಿಗೆ ಬಹುಮಟ್ಟಿಗೆ ಬ್ರೇಕಿರುವುದಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವು ಮುಂದಿನ ಯಂತ್ರವನ್ನು ನೂಕಿ ಅಡ್ಡ ತಿರುಗಿಸಿಬಿಡುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸಿದರಂತೂ ತಡೆಯುವ ಬಲವೇ ಉಳಿಯದು. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು ಅದರಲ್ಲಿಯೇ ಪೂರ್ತಿ ಇಳಿಯಬೇಕು. ಇನ್ನು ರಾತ್ರಿಯ ಮಾತು. ಹಿಂದೆ ದೀಪವಿಲ್ಲದೆ, ಕೆಂಪು ಪ್ರತಿಫಲಕದ ಪಟ್ಟಿಯಿಲ್ಲದೆ ಕತ್ತಲೆಯಲ್ಲಿ ಚಲಿಸುವ ಅಥವಾ ಪಂಕ್ಚರಾಗಿ ದಾರಿಯ ನಡುವೆಯೇ ನಿಂತ ಕಬ್ಬಿನ ಟ್ರೇಲರು, ಮೋಟಾರ್ ಸೈಕಲಿನ ಮೇಲೆ ಬರುವ ಯುವಕನ ಪಾಲಿಗೆ ಗೋಡೆಯೇ ಸರಿ. ಅಲ್ಪ ಬೆಲೆಯ ಒಂದು ಕೆಂಪು ಪಟ್ಟಿಯು ಆತನ ಮನೆಯ ದೀಪವನ್ನು ಉಳಿಸಬಲ್ಲದು.

ದಣಿವನ್ನು ಕುರಿತು ವೈದ್ಯರಾಗಿ ಎರಡು ಮಾತು ಹೇಳಬೇಕು. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ದೇಹವೆಂಬ ಮನೆಗೆ ಮೂರು ಉಪಸ್ತಂಭಗಳೆಂದು ಆಯುರ್ವೇದವು ಹೇಳುತ್ತದೆ. ಕಾರ್ಖಾನೆಯ ಮುಂದೆ ಸರದಿಯಲ್ಲಿ ರಾತ್ರಿಯೆಲ್ಲ ಕಾದು, ಬೆಳಗಿನ ಜಾವ ಭಾರ ಇಳಿಸಿ, ಮರಳಿ ಬರುವ ಚಾಲಕನಲ್ಲಿ ನಿದ್ರೆಯೆಂಬ ಕಂಬವು ಮುರಿದಿರುತ್ತದೆ. ನಿದ್ರೆಗೆಟ್ಟ ದೇಹಕ್ಕೂ ಮದ್ಯ ಕುಡಿದ ದೇಹಕ್ಕೂ ಚಾಲನೆಯಲ್ಲಿ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ಕಣ್ಣು ಕಂಡುದನ್ನು ಕಾಲು ಮಾಡಲು ತಡವಾಗುತ್ತದೆ. ಚಹಾ, ಗುಟಖಾಗಳಿಂದ ನಿದ್ರೆಯನ್ನು ಮುಂದೂಡಬಹುದೇ ಹೊರತು ದಣಿವನ್ನು ಕಳೆಯಲಾಗದು. ದಾರಿಯ ಬದಿಯಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸಿ ಅರ್ಧ ಗಂಟೆ ಮಲಗುವುದೇ ಅದಕ್ಕೆ ಔಷಧ. ಮಲಮೂತ್ರಗಳ ವೇಗವನ್ನು ಗಂಟೆಗಟ್ಟಲೆ ತಡೆದು ಕುಳಿತು ಚಾಲನೆ ಮಾಡುವುದೂ ಸಲ್ಲದು. ಅದರಿಂದ ರೋಗವೂ ಬರುತ್ತದೆ, ಗಮನವೂ ಕೆಡುತ್ತದೆ.

ಧೃತಿಗೆ ಎಲ್ಲಕ್ಕಿಂತ ಕಠಿಣ ಪರೀಕ್ಷೆಯೆಂದರೆ ಪ್ರೀತಿ. ಮೂವತ್ತು ವರ್ಷಗಳ ಹಿಂದಿನ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕಾಗಿದೆ. ಅದು ಹಿಂಗಾರಿ ಬಿತ್ತನೆಯ ಕಾಲ. ನಮ್ಮಲ್ಲಿ ಔಷಧಕ್ಕೆ ಬರುತ್ತಿದ್ದ ರೈತರೊಬ್ಬರು ಒಂಬತ್ತು ವರ್ಷದ ಮಗನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹೊಲ ಹರಗುತ್ತಿದ್ದರು. ಬದುವಿನ ಮೇಲೆ ಚಕ್ರ ಹತ್ತಿದಾಗ ಟ್ರ್ಯಾಕ್ಟರ್ ಒಮ್ಮೆ ಕುಲುಕಿತು. ಹುಡುಗನು ದೊಡ್ಡ ಚಕ್ರದ ಮುಂದೆ ಬಿದ್ದನು. ತಂದೆಯು ಬ್ರೇಕ್ ಒತ್ತುವಷ್ಟರಲ್ಲಿ ಚಕ್ರ ದಾಟಿ ಹೋಗಿತ್ತು. ಅವರು ಮಗನನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಓಡಿ ಬಂದರು. ನಾಡಿಯನ್ನು ಮುಟ್ಟಿ ನೋಡುವುದರ ಹೊರತು ನಮಗೆ ಅಲ್ಲಿ ಬೇರೆ ಕೆಲಸ ಉಳಿದಿರಲಿಲ್ಲ.

ಬಹಳ ಹೊತ್ತು ಸುಮ್ಮನೆ ಕುಳಿತಿದ್ದ ಆ ತಂದೆ ಕೊನೆಗೆ ಕೇಳಿದ್ದು ಒಂದೇ ಮಾತು: "ಡಾಕ್ಟರ, ನೀವೂ ಅಲ್ಲೇ ಕುಂತು ಬರತಿದ್ರಿ. ಆಗ ಏನೂ ಆಗತಿರಲಿಲ್ಲಲ್ರಿ?"

ಅವರು ನಮ್ಮನ್ನು ದೂರಲಿಲ್ಲ, ನಿಜವಾಗಿ ಕೇಳಿದರು. ಅವರ ಮಾತು ಸತ್ಯವಾಗಿತ್ತು. ವೃತ್ತಿಯ ಆರಂಭದ ವರ್ಷಗಳಲ್ಲಿ, ಮಳೆಗಾಲದ ಎರೆಮಣ್ಣಿನ ದಾರಿಯಲ್ಲಿ ಬೇರೆ ವಾಹನ ನಡೆಯುತ್ತಿರಲಿಲ್ಲ. ರೋಗಿಗಳ ಮನೆಗೆ ನಾವು ಹೋಗುತ್ತಿದ್ದುದು ಅದೇ ಟ್ರ್ಯಾಕ್ಟರಿನ ಅದೇ ಮಡ್‌ಗಾರ್ಡಿನ ಮೇಲೆ ಕುಳಿತು. ಆ ಹುಡುಗನೂ ಅದನ್ನು ನೋಡಿದ್ದನು. ಓದಿದವರು, ಊರು ನಮಸ್ಕರಿಸುವವರು ಕುಳಿತ ಜಾಗವು ಅಪಾಯದ್ದೆಂದು ಒಂದು ಮಗುವಿಗೆ ಹೇಗೆ ತೋರಬೇಕು? ಆ ತಂದೆಯ ಪ್ರಶ್ನೆಗೆ ಅಂದು ನಾವು ಉತ್ತರ ಕೊಡಲಿಲ್ಲ. ಈ ಲೇಖನವು ತಡವಾಗಿ ಬರೆದ ಉತ್ತರವೆಂದು ತಿಳಿಯಬೇಕು. ಆಗ ಏನೂ ಆಗಲಿಲ್ಲವೆಂಬುದು ಆ ಜಾಗ ಸುರಕ್ಷಿತವೆಂಬುದಕ್ಕೆ ಸಾಕ್ಷಿಯಾಗಿರಲಿಲ್ಲ. ನಾವು ಬೀಳಲಿಲ್ಲ, ಅಷ್ಟೇ.

ಆದುದರಿಂದ ಟ್ರ್ಯಾಕ್ಟರಿನ ಮೇಲೆ ಇರುವುದು ಒಂದೇ ಆಸನ, ಕೂರಬೇಕಾದವನು ಒಬ್ಬನೇ ಎಂಬುದು ಮನೆಯ ಶಾಸನವಾಗಬೇಕು. ಮೊಮ್ಮಗನು ಅತ್ತರೂ ಅಜ್ಜನು ಬೇಡವೆನ್ನಬೇಕು. ಹದಿನೆಂಟು ತುಂಬದ ಹುಡುಗನ ಕೈಗೆ ಸ್ಟಿಯರಿಂಗ್ ಕೊಟ್ಟು ಹೆಮ್ಮೆಪಡುವ ತಂದೆಯರೂ ಇದನ್ನು ಗಮನಿಸಬೇಕು. ೨೦೧೯ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯು ಅಪ್ರಾಪ್ತನು ಮಾಡಿದ ಅಪರಾಧಕ್ಕೆ ಪೋಷಕನನ್ನೂ ವಾಹನದ ಒಡೆಯನನ್ನೂ ಹೊಣೆಯಾಗಿಸುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸವನ್ನೂ ೨೫,೦೦೦ ರೂಪಾಯಿಗಳ ದಂಡವನ್ನೂ ವಿಧಿಸಬಹುದು. ಆದರೆ ಮಗನನ್ನು ಕಳೆದುಕೊಂಡವನಿಗೆ ಆ ಶಿಕ್ಷೆಯು ಎಷ್ಟರದು?

ಜಾತ್ರೆಗೆ, ಮದುವೆಗೆ, ಕೂಲಿಗೆ ಟ್ರೇಲರಿನಲ್ಲಿ ಜನರನ್ನು ತುಂಬಿಕೊಂಡು ಹೋಗುವುದೂ ಇದೇ ಪ್ರಜ್ಞಾಪರಾಧದ ಇನ್ನೊಂದು ರೂಪ. ಟ್ರೇಲರು ಮಾಲು ಸಾಗಿಸುವುದಕ್ಕಾಗಿ ಇರುವುದು. ಜನರನ್ನು ಸಾಗಿಸಲು ಕಾನೂನಿನ ಒಪ್ಪಿಗೆಯಿಲ್ಲ. ಅದರಲ್ಲಿ ಹಿಡಿಯಲು ಆಸರೆಯಿಲ್ಲ. ಕೊಂಡಿಯ ಪಿನ್ನು ಕಳಚಿದರೆ ಅಥವಾ ತಿರುವಿನಲ್ಲಿ ಮಗುಚಿದರೆ ಒಬ್ಬಿಬ್ಬರಲ್ಲ, ಒಂದು ಓಣಿಯೇ ಅದರ ಅಡಿಯಲ್ಲಿ ಸಿಲುಕುತ್ತದೆ. ಇಂತಹ ಸಂದರ್ಭದಲ್ಲಿ ವಿಮೆಯ ಪರಿಹಾರ ದೊರೆಯುವುದೂ ಬಹು ಕಷ್ಟ. ನಮ್ಮ ಮಠದ ಜಾತ್ರೆಗೂ ಅನೇಕ ಊರುಗಳ ಸದ್ಭಕ್ತರು ಹೆಂಡಿರು ಮಕ್ಕಳೊಡನೆ ಟ್ರೇಲರುಗಳಲ್ಲಿ ಬರುವುದನ್ನು ನಾವು ವರ್ಷವರ್ಷವೂ ನೋಡುತ್ತಿದ್ದೇವೆ. ಊರಿನವರೆಲ್ಲ ಸೇರಿ ಬಾಡಿಗೆಗೆ ಬಸ್ಸು ಮಾಡಿಕೊಳ್ಳುವುದು ಅಸಾಧ್ಯವೇನಲ್ಲ. ಟ್ರೇಲರಿನಲ್ಲಿ ದವಸ, ಕಟ್ಟಿಗೆ, ತರಕಾರಿ ಬರಲಿ. ಭಕ್ತರು ಬಸ್ಸಿನಲ್ಲಿ ಬರಲಿ.

ಸ್ಮೃತಿ: ನಿತ್ಯದ ನೆನಪು

ತಿಳಿದುದು ಬೇಕಾದ ಗಳಿಗೆಯಲ್ಲಿ ನೆನಪಾಗಬೇಕಾದರೆ ಅದು ದಿನಚರಿಯಾಗಬೇಕು. ಬೆಳಿಗ್ಗೆ ಹಲ್ಲುಜ್ಜುವುದನ್ನು ಯಾರೂ ನೆನಪು ಮಾಡಿಕೊಡುವುದಿಲ್ಲ. ಅಂತೆಯೇ ಟ್ರ್ಯಾಕ್ಟರನ್ನು ಚಾಲೂ ಮಾಡುವ ಮೊದಲಿನ ಕ್ರಮಗಳೂ ರೂಢಿಯಾಗಬೇಕು. ಕೆಳಗಿನವುಗಳನ್ನು ಮನೆಯ ಯುವಕರಿಗೆ ಓದಿ ಹೇಳುವುದು ಒಳ್ಳೆಯದು.

೧. ಟ್ರ್ಯಾಕ್ಟರಿಗೆ ಎಡಬಲ ಚಕ್ರಗಳಿಗೆ ಬೇರೆಬೇರೆ ಬ್ರೇಕುಗಳಿರುತ್ತವೆ. ಹೊಲದ ಸಾಲಿನ ತುದಿಯಲ್ಲಿ ತಿರುಗಿಸಲು ಇದು ಅನುಕೂಲ. ದಾರಿಗೆ ಬಂದಾಗ ಎರಡನ್ನೂ ಸೇರಿಸುವ ಪಟ್ಟಿಯನ್ನು ಹಾಕಲೇಬೇಕು. ಹಾಕದೆ ವೇಗದಲ್ಲಿ ಒಂದೇ ಬ್ರೇಕನ್ನು ಒತ್ತಿದರೆ ಟ್ರ್ಯಾಕ್ಟರ್ ಆ ಕ್ಷಣದಲ್ಲಿಯೇ ಒಂದು ಬದಿಗೆ ತಿರುಗಿ ಮಗುಚುತ್ತದೆ.

೨. ಆಸನದಲ್ಲಿ ಕುಳಿತು, ಗೇರು ನ್ಯೂಟ್ರಲ್‌ನಲ್ಲಿದೆಯೆಂದು ನೋಡಿಕೊಂಡೇ ಚಾಲೂ ಮಾಡಬೇಕು. ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸ್ಟಾರ್ಟರನ್ನು ಮುಟ್ಟಿಸಿ ಚಾಲೂ ಮಾಡುವ ಅಭ್ಯಾಸವು ಅನೇಕರಿಗಿದೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಚಾಲೂ ಮಾಡಿದವನ ಮೇಲೆಯೇ ಹರಿಯುತ್ತದೆ.

೩. ಹಿಂದೆ, ಮುಂದೆ, ಟ್ರೇಲರಿನ ಅಡಿಯಲ್ಲಿ ಮಕ್ಕಳಿಲ್ಲವೆಂದು ಕೆಳಗಿಳಿದು ನೋಡಬೇಕು. ಅಂಗಳದಲ್ಲಿ ಹಿಂದಕ್ಕೆ ತೆಗೆಯುವಾಗ ಒಬ್ಬರು ನಿಂತು ದಾರಿ ತೋರಿಸಬೇಕು. ಹಾಗೆ ನಿಂತವರು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಬರಬಾರದು.

೪. ಕೊಂಡಿಯ ಪಿನ್ನಿಗೆ ಬೀಗದ ಕ್ಲಿಪ್ಪು ಇರಬೇಕು. ಕಟ್ಟಿಗೆ ತುಂಡು, ಮೊಳೆ, ತಂತಿ ಇವು ಪಿನ್ನಾಗಲಾರವು.

೫. ಶಾಫ್ಟಿನಲ್ಲಿ ಅಥವಾ ರೋಟಾವೇಟರಿನಲ್ಲಿ ಹುಲ್ಲು ಸಿಕ್ಕಿದರೆ ಮೊದಲು ಪಿ.ಟಿ.ಒ. ಬಿಡಿಸಬೇಕು, ಎಂಜಿನ್ ನಿಲ್ಲಿಸಬೇಕು, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ತಿರುಗುವುದು ಪೂರ್ಣ ನಿಂತ ಮೇಲೆಯೇ ಕೈ ಹಾಕಬೇಕು. ತಿರುಗುವ ಶಾಫ್ಟನ್ನು ಎಂದಿಗೂ ದಾಟಬಾರದು; ಸುತ್ತಿಕೊಂಡು ಹೋಗಬೇಕು.

೬. ಹೈಡ್ರಾಲಿಕ್ಕಿನಿಂದ ಎತ್ತಿ ನಿಲ್ಲಿಸಿದ ನೇಗಿಲಿನ ಅಡಿಗೆ ಯಾರೂ ಹೋಗಬಾರದು. ಆಸನದಿಂದ ಇಳಿಯುವ ಮೊದಲು ಉಪಕರಣವನ್ನು ನೆಲಕ್ಕೆ ಇಳಿಸಿ, ಕೈ ಬ್ರೇಕ್ ಹಾಕಬೇಕು.

೭. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆಗೆಯಬಾರದು. ಕುದಿಯುವ ನೀರು ಮುಖಕ್ಕೆ ಚಿಮ್ಮಿ ಕಣ್ಣು ಹೋಗುವ ಸಂಭವವಿದೆ.

೮. ರಾಶಿಯ ಕಣದಲ್ಲಿ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಬಿಗಿದು, ಜಡೆಯನ್ನು ಕಟ್ಟಿ ತಲೆಗೆ ವಸ್ತ್ರ ಸುತ್ತಿಕೊಳ್ಳಬೇಕು. ಗಂಡಸರು ಧೋತರದ ಬದಲು ಮೈಗೆ ಹೊಂದಿದ ಉಡುಪನ್ನು ತೊಡಬೇಕು.

ಬಾಡಿಗೆಗೆ ಯಂತ್ರ ತರುವವರು, ಹೊಸದಾಗಿ ಕೊಂಡವರು ತರಬೇತಿಯನ್ನು ಪಡೆಯುವುದು ಲೇಸು. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನೆರೆಯ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಸಂಸ್ಥೆಯೇ ಇದೆ.

ಅಪಘಾತವಾದಾಗ ಮಾಡಬೇಕಾದುದು

ಇಷ್ಟಾದರೂ ಅಪಘಾತ ಸಂಭವಿಸಿದರೆ ಏನು ಮಾಡಬೇಕು? ಸುಶ್ರುತಾಚಾರ್ಯರು ಆಗ ತಾನೇ ಆದ ಗಾಯಗಳನ್ನು ಸದ್ಯೋವ್ರಣಗಳೆಂದು ಕರೆದು, ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರು ಬಗೆಯಾಗಿ ವಿವರಿಸಿದ್ದಾರೆ. ಪಿಚ್ಚಿತವೆಂದರೆ ಜಜ್ಜಿಹೋದುದು. ಟ್ರ್ಯಾಕ್ಟರಿನ ಅಡಿಯಲ್ಲಿ ಸಿಕ್ಕ ಗಾಯವು ಹೆಚ್ಚಾಗಿ ಈ ಬಗೆಯದು. ಹೊರಗೆ ರಕ್ತ ಕಾಣದಿದ್ದರೂ ಒಳಗೆ ಮೂಳೆ, ಮಾಂಸ, ಯಕೃತ್ತು, ಪ್ಲೀಹಗಳು ನೊಂದಿರಬಹುದು. ಆದುದರಿಂದ ಗಾಯಾಳು ಎದ್ದು ನಿಂತು ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಒಯ್ಯಲೇಬೇಕು.

ಮೊದಲು ಎಂಜಿನ್ ನಿಲ್ಲಿಸಿ. ಡೀಸೆಲ್ ಸೋರುತ್ತಿರಬಹುದು, ಹತ್ತಿರ ಬೀಡಿ, ಬೆಂಕಿ ಬೇಡ. ಕೂಡಲೇ ೧೦೮ಕ್ಕೆ ಕರೆ ಮಾಡಿ, ಊರು, ಹೊಲ, ಗುರುತಿನ ಜಾಗವನ್ನು ಸ್ಪಷ್ಟವಾಗಿ ಹೇಳಿ. ಯಂತ್ರದಡಿ ಸಿಕ್ಕವರನ್ನು ಅವಸರದಿಂದ ಎಳೆಯಬೇಡಿ. ಟ್ರ್ಯಾಕ್ಟರನ್ನು ಎತ್ತುವ ಮೊದಲು ಅದು ಮತ್ತೆ ಜಾರದಂತೆ ಕಲ್ಲು, ಮರದ ದಿಮ್ಮಿಗಳಿಂದ ಆಸರೆ ಕೊಡಬೇಕು. ಬಹಳ ಹೊತ್ತು ತೊಡೆ, ಕಾಲು ಅದುಮಿಹೋಗಿದ್ದರೆ, ಬಿಡಿಸಿದ ಮೇಲೆ ಜಜ್ಜಿದ ಮಾಂಸದ ವಿಷವು ರಕ್ತಕ್ಕೆ ಸೇರಿ ಹೃದಯಕ್ಕೂ ಮೂತ್ರಪಿಂಡಗಳಿಗೂ ಕೇಡಾಗುತ್ತದೆ. ಎಷ್ಟು ಹೊತ್ತು ಸಿಕ್ಕಿಕೊಂಡಿದ್ದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನಿಟ್ಟು ಒತ್ತಿರಿ. ಅರಿಷಿಣ, ಕಾಫಿ ಪುಡಿ, ಸುಣ್ಣ, ಸೊಪ್ಪಿನ ರಸ, ಸಗಣಿ ಯಾವುದನ್ನೂ ತುಂಬಬೇಡಿ. ಮನೆಮದ್ದನ್ನು ಗೌರವಿಸುವ ನಾವೇ ಈ ಮಾತನ್ನು ಹೇಳುತ್ತಿದ್ದೇವೆ: ಆಳವಾದ ಗಾಯಕ್ಕೆ ಇವು ಮದ್ದಲ್ಲ. ಹೊಲದ ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಧನುರ್ವಾಯುವಿನ ಬೀಜವಿರುತ್ತದೆ. ಅದಕ್ಕೆ ಚುಚ್ಚುಮದ್ದು ಅವಶ್ಯ. ಬೆನ್ನು, ಕುತ್ತಿಗೆ ನೋಯುತ್ತಿದ್ದರೆ ಗಾಯಾಳುವನ್ನು ಕೂರಿಸಬಾರದು, ಮೋಟಾರ್ ಸೈಕಲಿನ ಮೇಲೆ ನಡುವೆ ಕೂರಿಸಿ ಒಯ್ಯಲೂಬಾರದು. ಹಲಗೆ ಅಥವಾ ಬಾಗಿಲಿನ ಮೇಲೆ ನೇರವಾಗಿ ಮಲಗಿಸಿ, ತಲೆ ಅಲುಗದಂತೆ ಹಿಡಿದು ಒಯ್ಯಬೇಕು. ಮುರಿದ ಕೈಕಾಲನ್ನು ಇದ್ದ ಸ್ಥಿತಿಯಲ್ಲಿಯೇ ಬಿದಿರಿನ ಸೀಳಿನ ಆಸರೆಯಿಂದ ಕಟ್ಟಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದುದರಿಂದ ಬಾಯಿಗೆ ನೀರು, ಚಹಾ ಹಾಕಬಾರದು.

ಬೆರಳು ಅಥವಾ ಕೈ ತುಂಡಾಗಿದ್ದರೆ ಅದನ್ನು ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಇರುವ ಇನ್ನೊಂದು ಪಾತ್ರೆಯಲ್ಲಿ ಇಟ್ಟು ಗಾಯಾಳುವಿನ ಜೊತೆಗೇ ಕಳುಹಿಸಿ. ಐಸು ನೇರವಾಗಿ ತಾಗಬಾರದು. ಬೇಗ ತಲುಪಿದರೆ ಮರಳಿ ಜೋಡಿಸುವ ಸಾಧ್ಯತೆಯಿದೆ. ನೆರವಿಗೆ ಬಂದವರನ್ನು ಪೊಲೀಸರು ಪೀಡಿಸುವರೆಂಬ ಭಯವೂ ಬೇಡ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯೇ ರಕ್ಷಣೆ ಕೊಟ್ಟಿದೆ.

ಇಂತಹ ಗಾಯಾಳುವನ್ನು ಮೊದಲು ನಮ್ಮಂತಹ ಔಷಧ ವೈದ್ಯರ ಬಳಿಗೂ ನಾಟಿ ಎಲುಬು ಕಟ್ಟುವವರ ಬಳಿಗೂ ಒಯ್ಯಬೇಡಿ. ನೇರವಾಗಿ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಪ್ರಾಣ ಉಳಿದು, ಮೂಳೆ ಕೂಡಿದ ಮೇಲೆ, ಜಡ್ಡುಗಟ್ಟಿದ ಕೀಲುಗಳಿಗೂ ಬತ್ತಿದ ಮಾಂಸಕ್ಕೂ ಅಭ್ಯಂಗ, ಸ್ವೇದನಾದಿ ಚಿಕಿತ್ಸೆಗಳನ್ನು ಆ ವೈದ್ಯರ ಒಪ್ಪಿಗೆ ಪಡೆದು ಮಾಡಲು ನಾವಿದ್ದೇವೆ.

ಕೊನೆಯ ಮಾತು

ಯಾವ ರೋಗಕ್ಕೇ ಆಗಲಿ ಮೊದಲ ಚಿಕಿತ್ಸೆ ನಿದಾನ ಪರಿವರ್ಜನೆ, ಅಂದರೆ ಕಾರಣವನ್ನು ತೊರೆಯುವುದು. ಜ್ವರಕ್ಕೆ ಆ ಚಿಕಿತ್ಸೆ ತಪ್ಪಿದರೆ ಬೇರೆ ಕಷಾಯವುಂಟು. ಚಕ್ರದಡಿ ಸಿಕ್ಕ ಮಗುವಿಗೆ ಬೇರೆ ಕಷಾಯವಿಲ್ಲ. ಕಾಯಕವನ್ನು ಗೌರವಿಸುವವರು ಕಾಯಕದ ಸಾಧನವನ್ನೂ, ಕಾಯಕ ಮಾಡುವ ದೇಹವನ್ನೂ ಜೋಪಾನ ಮಾಡಬೇಕು.

ಈ ಲೇಖನವನ್ನು ಓದಿ ಮುಗಿಸಿದವರು ಇಂದೇ ಮಾಡಬಹುದಾದ ನಾಲ್ಕು ಕೆಲಸಗಳಿವೆ. ಟ್ರ್ಯಾಕ್ಟರಿನ ಬಳಿಗೆ ಹೋಗಿ ಎರಡು ಬ್ರೇಕುಗಳನ್ನು ಸೇರಿಸುವ ಪಟ್ಟಿ ಇದೆಯೇ ನೋಡಿರಿ. ಶಾಫ್ಟಿನ ಹೊದಿಕೆ ಇಲ್ಲದಿದ್ದರೆ ಈ ವಾರವೇ ಹಾಕಿಸಿರಿ. ಟ್ರೇಲರಿನ ಹಿಂದೆ ಕೆಂಪು ಪಟ್ಟಿಯನ್ನು ಅಂಟಿಸಿರಿ. ನಾಲ್ಕನೆಯದಕ್ಕೆ ಒಂದು ಕಾಸೂ ಬೇಕಿಲ್ಲ: ಮಡ್‌ಗಾರ್ಡಿನ ಮೇಲೆ ಯಾರೂ ಕೂರಬಾರದೆಂದು ಮನೆಯ ಮಕ್ಕಳಿಗೆ ಹೇಳಿರಿ, ಮತ್ತು ನೀವೂ ಅಲ್ಲಿ ಕೂರಬೇಡಿರಿ. ಮಕ್ಕಳು ನಾವು ಹೇಳುವುದನ್ನು ಮರೆಯುತ್ತಾರೆ. ನಾವು ಕೂರುವ ಜಾಗವನ್ನು ಮರೆಯುವುದಿಲ್ಲ.